ಗೂಡ್ಸ್ ಗಾಡಿ ಮತ್ತು ಸಂತೆ ಚೀಲ

ಹುಬ್ಬಳ್ಳಿ–ಹೊಸಪೇಟೆ ರೈಲು ಮಾರ್ಗದ ಊರೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರಲ್ಲಿ ಮೇಲ್ಸೇತುವೆ ಆದ ಮೇಲೆ ಹಳೇ ಗೇಟು ಮುಚ್ಚಿ ಗೋಡೆ ಕಟ್ಟಿದರು. ಆ ಗೋಡೆ ಒಂದು ಕಡೆ ಒಡೆದಿದೆ. ಗೂಡ್ಸ್ ಗಾಡಿ ಅಡ್ಡ ನಿಂತಿದ್ದರೆ ನಮ್ಮ ಅತ್ತೆಯೂ ಸೇರಿ ಎಲ್ಲರೂ ಡಬ್ಬಿ ಕೆಳಗೆ ನುಸುಳಿಯೇ ಸಂತೆಗೆ ಹೋಗುತ್ತಾರೆ. ಈ ಗೂಡ್ಸ್ ಗಾಡಿಗಳನ್ನು ಊರಾಚೆ ಕಳಿಸಬಾರದೇ?"

ತಾಯೀ, ಮೊದಲು ನಿಮ್ಮ ಅತ್ತೆಯವರಿಗೆ ಒಂದು ಮಾತು ತಿಳಿಸಿ. ನಿಂತ ಗೂಡ್ಸ್ ಗಾಡಿಯನ್ನು ಯಾವತ್ತೂ ನಂಬಬಾರದು. ಒಂದು ಗಾಡಿಗೆ 58 ಡಬ್ಬಿ ಇದ್ದರೆ ಆರುನೂರು ಮೀಟರಿಗೂ ಜಾಸ್ತಿ ಉದ್ದ. ಮುಂದೆ ಎಂಜಿನ್ ಸೀಟಿ ಹಾಕಿದರೆ ಬಾಲದ ಹತ್ತಿರ ಇರುವವರಿಗೆ ಕೇಳದೇ ಹೋಗಬಹುದು. ಎಂಜಿನ್ ಎಳೆದಾಗ ಡಬ್ಬಿಗಳೆಲ್ಲ ಒಟ್ಟಿಗೆ ಕದಲುವುದಿಲ್ಲ. ಕೊಂಡಿಗಳಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಅದು ಒಂದೊಂದಾಗಿ ಬಿಗಿಯಾಗುತ್ತಾ ಠಣ್, ಠಣ್, ಠಣ್ ಅಂತ ಹಿಂದಕ್ಕೆ ಓಡಿಬರುತ್ತದೆ. ಸದ್ದು ನಿಮ್ಮ ತಲೆಯ ಮೇಲೆ ಬಂತು ಅನ್ನುವಾಗಲೇ ಡಬ್ಬಿ ಜಗ್ಗಿ ಆಗಿರುತ್ತದೆ. ಚಿಕ್ಕಂದಿನಲ್ಲಿ ಗೇಟಿಗೆ ಸೈಕಲ್ ಒರಗಿಸಿ ಡಬ್ಬಿ ಎಣಿಸುತ್ತಿದ್ದ ನನಗೆ ಆ ಸದ್ದು ಬಹಳ ಇಷ್ಟ. ನಿಮ್ಮ ಪತ್ರ ಓದಿದ ಮೇಲೆ ಅಷ್ಟು ಇಷ್ಟ ಅನಿಸುತ್ತಿಲ್ಲ.

ಆದರೆ ಗೂಡ್ಸ್ ಊರಾಚೆ ಹೋಗಲಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಬೇಜಾರು ಮಾಡ್ಕೋಬೇಡಿ. ಮುರ್ಮುಗೋವಾ ಬಂದರಿನ ಕಲ್ಲಿದ್ದಲು ಘಟ್ಟ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವುದು ನಿಮ್ಮೂರ ಮೇಲೆಯೇ. ಡಬ್ಬಿಗೆ 60 ಟನ್ ಅಂತ ಹಿಡಿದರೂ ಒಂದು ಗಾಡಿಯ ಸರಕಿಗೆ ನೂರಕ್ಕೂ ಹೆಚ್ಚು ಲಾರಿ ಬೇಕು. ಆ ಲಾರಿಗಳು ರಸ್ತೆಗಿಳಿದರೆ ನಿಮ್ಮ ಅತ್ತೆಯವರು ಅದನ್ನು ದಾಟುವುದು ಹೇಗೆ? ಇನ್ನು ಹಳಿಯನ್ನೇ ಊರಾಚೆ ಹಾಕಿದರೂ, ಹತ್ತು ವರ್ಷದಲ್ಲಿ ಸೈಟು ಮಾರುವವರು ಊರನ್ನೂ ಅಲ್ಲಿಗೇ ತಲುಪಿಸುತ್ತಾರೆ.

ಹಳಿಯನ್ನೂ ಜನರನ್ನೂ ಬೇರೆ ಬೇರೆ ಮಟ್ಟದಲ್ಲಿ ಇಡುವುದೇ ದಾರಿ. ಲಾಸ್ ಏಂಜಲಿಸ್ ಬಂದರುಗಳಿಂದ ಹೊರಡುವ ಅಲಮೀಡಾ ಕಾರಿಡಾರ್ ಹೀಗೇ ಆಯಿತು. 2002ರಲ್ಲಿ ಶುರುವಾದ ಈ 32 ಕಿಲೋಮೀಟರ್ ಸರಕು ಮಾರ್ಗದಲ್ಲಿ ಸುಮಾರು 16 ಕಿಲೋಮೀಟರ್ ಹಳಿ 33 ಅಡಿ ಆಳದ ಕಂದಕದಲ್ಲಿದೆ. ರಸ್ತೆ, ಜನ ಎಲ್ಲ ಮೇಲೆ. ಸುಮಾರು 200 ಗೇಟುಗಳು ಹೋದವು. ಖರ್ಚು 240 ಕೋಟಿ ಡಾಲರ್! ನಮ್ಮ ಪುರಸಭೆಯ ಮುಂದೆ ಈ ಅಂಕಿ ಹೇಳಿದರೆ ಕುಡಿಯಲು ನೀರು ಕೇಳುತ್ತಾರೆ.

ನಮ್ಮಲ್ಲಿ ಎಡವಟ್ಟು ಆಗುವುದು ದುಡ್ಡಿಗಿಂತ ಮೊದಲೇ, ಲೆಕ್ಕದಲ್ಲಿ. ಗೇಟಿನ ಜಾಗದಲ್ಲಿ ಸೇತುವೆ ಬೇಕೋ ಬೇಡವೋ ಅಂತ ನೋಡಲು ರೈಲ್ವೆಯಲ್ಲಿ ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಎಂಬ ಅಳತೆ ಇದೆ. ದಿನಕ್ಕೆ ಓಡುವ ರೈಲುಗಳನ್ನು ಗೇಟು ದಾಟುವ ವಾಹನಗಳಿಂದ ಗುಣಿಸುವುದು. ಅದು 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಸರ್ಕಾರ ಖರ್ಚು ಹಂಚಿಕೊಂಡು ಸೇತುವೆ ಕಟ್ಟುವುದು ಹಳೇ ಪದ್ಧತಿ. ವಾಹನ ಎಣಿಸುವಾಗ ಕಾರು, ಲಾರಿಗೆ 1. ಎತ್ತಿನ ಗಾಡಿಗೂ 1. ಆಟೋಗೆ ಅರ್ಧ, ಬೈಕಿಗೆ ಕಾಲು. ಚೀಲ ಹಿಡಿದು ನಡೆದುಕೊಂಡು ಬರುವವರಿಗೆ? ಆ ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ.

ಹಾಗಾಗಿ ಬಂದ ಸೇತುವೆಯೂ ಚಕ್ರ ಇರುವವರದ್ದೇ. ಹಳಿಯ ಮೇಲೆ 25,000 ವೋಲ್ಟ್ ತಂತಿ ಇರುವುದರಿಂದ ಸೇತುವೆ ಆರು ಮೀಟರಿಗೂ ಎತ್ತರ ಹೋಗಬೇಕು. ಎರಡೂ ಕಡೆ ನೂರಾರು ಮೀಟರ್ ಏರು. ನಡೆಯುವವರಿಗೆ ಅಂತಲೇ ಮೇಲ್ಸೇತುವೆ ಕಟ್ಟಿದರೂ ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಇಳಿಯಬೇಕು. ಮಂಡಿ ನೋವಿನವರು ಗೋಡೆಯ ಕಿಂಡಿ ಹುಡುಕದೆ ಇನ್ನೇನು ಮಾಡ್ತಾರೆ? ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಹಳಿ ದಾಟಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆದರೆ ದಂಡ ಹಾಕಿದರೆ ಮಂಡಿ ನೋವು ಹೋಗುತ್ತದೆಯೇ?

ಹಳಿಯ ಕೆಳಗೆ ದಾರಿ ಮಾಡಿದರೆ ಮನುಷ್ಯರಿಗೆ ಎರಡೂವರೆ ಮೀಟರ್ ಎತ್ತರ ಸಾಕು. ಹತ್ತಿ ಇಳಿಯುವುದು ಅರ್ಧಕ್ಕರ್ಧ ಕಮ್ಮಿ. ನೀವು ಕೇಳಬೇಕಾದ್ದು ಇದನ್ನೇ: ಹಳೇ ಗೇಟಿನ ಜಾಗದಲ್ಲೇ ನಡೆಯುವವರ ಅಂಡರ್‌ಪಾಸ್. ಮೆಟ್ಟಿಲ ಜೊತೆ ಇಳಿಜಾರು ಇರಲಿ, ರಾತ್ರಿ ದೀಪ ಇರಲಿ. ನೀರು ಹೊರಗೆ ಹೋಗುವ ವ್ಯವಸ್ಥೆ ನಕ್ಷೆಯಲ್ಲೇ ಇರಬೇಕು, ಸುಮ್ನೆ ಬಾಯಿಮಾತಿನಲ್ಲಿ ಬೇಡ. ಇಲ್ಲದಿದ್ದರೆ ಮೊದಲ ಮಳೆಗೇ ಅದು ಕೆರೆ, ಜನ ಮತ್ತೆ ಡಬ್ಬಿ ಕೆಳಗೆ.

ಒಂದು ಕೆಲಸ ಮಾಡಿ. ಮುಂದಿನ ಸಂತೆ ದಿನ ಬೆಳಿಗ್ಗೆ 8ರಿಂದ 10ರವರೆಗೆ ಇಬ್ಬರು ಹುಡುಗರನ್ನು ಆ ಕಿಂಡಿಯ ಹತ್ತಿರ, ಹಳಿಯಿಂದ ದೂರ, ನೆರಳಲ್ಲಿ ಕೂರಿಸಿ. ಎಷ್ಟು ಜನ ದಾಟಿದರು, ಅದರಲ್ಲಿ ವಯಸ್ಸಾದವರೆಷ್ಟು, ಶಾಲೆ ಮಕ್ಕಳೆಷ್ಟು, ಗೂಡ್ಸ್ ಎಷ್ಟು ಹೊತ್ತು ನಿಂತಿತ್ತು, ಎಲ್ಲ ಗೆರೆ ಎಳೆದು ಬರೆಯಲಿ. ಆ ಹಾಳೆಯನ್ನು ಅರ್ಜಿಗೆ ಲಗತ್ತಿಸಿ ಪುರಸಭೆಗೂ ಹುಬ್ಬಳ್ಳಿಯ ಡಿಆರ್‌ಎಂ (ರೈಲ್ವೆ ವಿಭಾಗದ ಮುಖ್ಯಸ್ಥರ) ಕಚೇರಿಗೂ ಕೊಡಿ, ಹಿಂಬರಹ ತಗೊಳ್ಳೋದು ಮರೀಬೇಡಿ. ಇನ್ನೊಂದು ಪ್ರತಿ ನಮಗೆ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂ.