ಕಾದಂಬರಿ ಬರೆಯುವ ಮೊದಲು ಎಷ್ಟು ಯೋಜನೆ ಬೇಕು?

ಅಧ್ಯಾಯವಾರು ಸಾರಾಂಶ ಸಿದ್ಧವಾಗದೆ ಬರೆಯಲು ಕೂರಬಾರದೇ ಎಂಬುದು ನಿಮ್ಮ ಪ್ರಶ್ನೆ. ಅದು ಕಡ್ಡಾಯವಲ್ಲ; ಆದರೆ ಕಾಲಾನುಕ್ರಮದ ಪಟ್ಟಿ ಮತ್ತು ಕಥೆಯನ್ನು ಯಾರ ಕಣ್ಣಿನಿಂದ ಹೇಳಬೇಕೆಂಬ ತೀರ್ಮಾನ, ಇವೆರಡೂ ಮೊದಲೇ ಆಗಬೇಕು.

ಮಲೆನಾಡಿನ ಗೇಣಿದಾರ ಕುಟುಂಬವೊಂದರ ಕಥೆ ನಿಮ್ಮ ಮನಸ್ಸಿನಲ್ಲಿದೆ ಎನ್ನೋಣ. ಗೇಣಿಗೆ ಉಳುವವರು ಆ ಜಮೀನಿನ ಒಡೆತನಕ್ಕೆ ಅರ್ಜಿ ಹಾಕಲು ಅವಕಾಶ ಕೊಟ್ಟ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ. 1950ರಲ್ಲಿ ಹುಟ್ಟಿದ ಮಗನಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. ಅರ್ಜಿ ಹಾಕಲು ಅವನು ಅಪ್ಪನನ್ನು ಒತ್ತಾಯಿಸಬಲ್ಲ, ಅಪ್ಪ ಜಮೀನಿನ ಒಡೆಯರ ಮುಲಾಜಿಗೆ ಬಿದ್ದು ಹಿಂಜರಿಯಬಲ್ಲ. ಅದೇ ಮಗ ಹತ್ತು ವರ್ಷ ಚಿಕ್ಕವನಾದರೆ ಆ ಜಗಳವೇ ಹುಟ್ಟುವುದಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಇಸವಿ, ಪ್ರತಿ ಪಾತ್ರದ ವಯಸ್ಸು, ಮಳೆಗಾಲವೋ ಕೊಯ್ಲೋ ಎಂಬುದನ್ನು ಅಕ್ಕಪಕ್ಕ ಬರೆದಿಟ್ಟರೆ, ಕಥಾವಸ್ತುವಿನ ಅರ್ಧ ಭಾಗ ಆ ಹಾಳೆಯಿಂದಲೇ ಮೂಡಿಬರುತ್ತದೆ.

ನಿರೂಪಣೆಯ ಆಯ್ಕೆಯೂ ಅಷ್ಟೇ ನಿರ್ಣಾಯಕ: ಮಗ ಹೇಳಿದರೆ ಅದು ಹಕ್ಕಿನ ಕಥೆ, ಒಡೆಯರ ಮನೆಯ ಸೊಸೆ ಹೇಳಿದರೆ ಕುಸಿತದ ಕಥೆ. ಎರಡೂ ಬೇಕೆನಿಸಿದರೆ ಅಧ್ಯಾಯಗಳನ್ನು ಹಂಚಿಕೊಳ್ಳುವ ಕ್ರಮವನ್ನು ಆಗಲೇ ಗೊತ್ತುಮಾಡಿಕೊಳ್ಳಿ.

ಪಾತ್ರಗಳ ಇಷ್ಟದ ಬಣ್ಣ, ತಿಂಡಿ ಇತ್ಯಾದಿ ತುಂಬಿಸುವ ನಮೂನೆಗಳು, ನನ್ನ ಮಟ್ಟಿಗೆ, ಬರವಣಿಗೆಯನ್ನು ಮುಂದೂಡುವ ನೆಪಗಳು. ಮುಕ್ತಾಯ ಸ್ಥೂಲವಾಗಿ ತಿಳಿದಿದ್ದರೆ ಸಾಕು. ಬರೆಯುತ್ತ ಅದು ಬದಲಾದರೆ ಹಾಳೆಯನ್ನು ತಿದ್ದಿಕೊಳ್ಳಿ.