ಹಾರ್ಪ್ಸಿಕಾರ್ಡ್ ಇದ್ದಾಗ ಪಿಯಾನೋ ಯಾಕೆ ಬೇಕಾಯಿತು?

ಹಾರ್ಪ್ಸಿಕಾರ್ಡ್ ಅಂದರೆ ಪಿಯಾನೋಗಿಂತ ಹಳೆಯ ವಾದ್ಯ. ಎರಡಕ್ಕೂ ಒಂದೇ ಥರದ ಕೀಲಿಮಣೆ ಇದೆ, ಅಲ್ವಾ? ವ್ಯತ್ಯಾಸ ಇರುವುದು ಒಳಗಡೆ. ಹಾರ್ಪ್ಸಿಕಾರ್ಡಿನಲ್ಲಿ ಕೀಲಿ ಒತ್ತಿದರೆ ಒಂದು ಸಣ್ಣ ಮೊನೆ ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ.

ಇಟಲಿಯ ವಾದ್ಯ ತಯಾರಕ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ 1700ರ ಸುಮಾರಿಗೆ ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ಬಡಿಯುವ ಏರ್ಪಾಡು ಮಾಡಿದರು. ಅದೇ ಪಿಯಾನೋ. ಬಡಿದ ತಕ್ಷಣ, ಬೆರಳು ಕೀಲಿಯ ಮೇಲೇ ಇದ್ದರೂ, ಸುತ್ತಿಗೆ ಹಿಂದಕ್ಕೆ ಬೀಳುತ್ತದೆ. ಅದು ಅಲ್ಲೇ ಅಂಟಿಕೊಂಡಿದ್ದರೆ ತಂತಿಯ ಅದುರುವಿಕೆಯೇ ನಿಂತುಹೋಗುತ್ತಿತ್ತು. ನನ್ನ ಪ್ರಕಾರ ಅವರ ದೊಡ್ಡ ಜಾಣ್ಮೆ ಇರುವುದು ಇಲ್ಲೇ. ಈಗ ಕೀಲಿಯನ್ನು ವೇಗವಾಗಿ ಒತ್ತಿದಷ್ಟೂ ಸದ್ದು ಜಾಸ್ತಿ. ಒಂದೇ ಸ್ವರವನ್ನು ಪಿಸುಗುಟ್ಟಿಸಬಹುದು, ಗುಡುಗಿಸಲೂಬಹುದು.

ಇದರಿಂದ ಸಂಗೀತದ ಶೈಲಿಯೇ ಬದಲಾಯಿತು. ಬರೋಕ್ ಕಾಲದ (ಸುಮಾರು 1600ರಿಂದ 1750) ಹಾರ್ಪ್ಸಿಕಾರ್ಡ್ ಸಂಗೀತದಲ್ಲಿ ಹಲವು ಎಳೆಗಳ ಹೆಣಿಗೆ, ಸ್ವರಗಳ ಅಲಂಕಾರ ಮುಖ್ಯ. ಆಮೇಲಿನ ಸಂಗೀತ ರಚನೆಕಾರ ಬೀಥೋವನ್ ಕಾಲಕ್ಕೆ ಬಂದರೆ ಸದ್ದಿನ ಏರಿಳಿತವೇ ಭಾವದ ಜೀವಾಳ. 19ನೇ ಶತಮಾನದಲ್ಲಿ ಕಬ್ಬಿಣದ ಚೌಕಟ್ಟು ಬಂತು. ತಂತಿಗಳನ್ನು ಇನ್ನೂ ಬಿಗಿಯಾಗಿ ಕಟ್ಟಲು ಆಯಿತು, ದೊಡ್ಡ ಸಭಾಂಗಣಕ್ಕೂ ಸದ್ದು ಸಾಕಾಯಿತು.

ಹಾಗಂತ ಹಾರ್ಪ್ಸಿಕಾರ್ಡನ್ನು ಹಳೆಯದೆಂದು ಸುಮ್ನೆ ತಳ್ಳಿಹಾಕಬೇಡಿ. ಬರೋಕ್ ಕಾಲದ ರಚನೆಕಾರ ಬಾಖ್ ಅವರ ಒಂದೇ ರಚನೆಯನ್ನು ಎರಡೂ ವಾದ್ಯಗಳಲ್ಲಿ ಕೇಳಿ. ಎಳೆಎಳೆಯಾಗಿ ಬಿಡಿಸಿ ಕೇಳಿಸುವ ಆ ಸ್ಪಷ್ಟತೆ ನನಗಂತೂ ಹಾರ್ಪ್ಸಿಕಾರ್ಡಿನಲ್ಲೇ ಹೆಚ್ಚು ಇಷ್ಟ.