ಊರ ನಡುವೆ ಜಲಪಾತ, ಬೆಟ್ಟದೊಳಗೆ ಬೆವರು

ಪ್ರಶ್ನೆ: ಸುಭಾಷ್‌ಚಂದ್ರ ಬೋಸ್ ತಮ್ಮ ಆತ್ಮಕಥೆಯನ್ನು ಆಸ್ಟ್ರಿಯಾದ ಬಾದ್ ಗಾಸ್ಟೈನ್‌ನಲ್ಲಿ ಬರೆದರು ಎಂದು ಓದಿದೆ. ಅಷ್ಟು ದೂರ ಯಾಕೆ ಹೋಗಿದ್ದರು? ಅದು ಎಂಥ ಊರು?
– ಓದುಗರೊಬ್ಬರು, ತುಮಕೂರು

ಉತ್ತರ: ಬಿಸಿನೀರಿಗಾಗಿ. ಜರ್ಮನ್‌ನಲ್ಲಿ ಬಾದ್ ಎಂದರೆ ಸ್ನಾನ. ಆಲ್ಪ್ಸ್ ಬೆಟ್ಟಗಳಲ್ಲಿ, ಸುಮಾರು 1,000 ಮೀಟರ್ ಎತ್ತರದ ಈ ಊರಲ್ಲಿ 46 ಡಿಗ್ರಿವರೆಗೆ ಕಾದ ನೀರು ನೆಲದಿಂದ ತಾನಾಗಿ ಉಕ್ಕುತ್ತದೆ. ಒಲೆ ಹಚ್ಚುವ ಕೆಲಸವೇ ಇಲ್ಲ! ಕೀಲುನೋವಿನವರು ಶತಮಾನಗಳಿಂದ ಅದರಲ್ಲಿ ಮುಳುಗೇಳುತ್ತಿದ್ದಾರೆ.

ಬೋಸರಿಗೆ 1935ರಲ್ಲಿ ವಿಯೆನ್ನಾದಲ್ಲಿ ಪಿತ್ತಕೋಶದ ಆಪರೇಷನ್ ಆಗಿತ್ತು. ಜೈಲುವಾಸ ಬೇರೆ ಮೈಯನ್ನು ಹಣ್ಣು ಮಾಡಿತ್ತು. 1937ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದರು. ಅವರ ಸಂಗಾತಿ ಎಮಿಲಿ ಶೆಂಕಲ್ ಜೊತೆಗಿದ್ದರು. ಸುಧಾರಿಸಿಕೊಳ್ಳಲು ಬಂದವರು ಸುಮ್ನೆ ಕೂತರಾ? ಡಿಸೆಂಬರ್‌ನಲ್ಲಿ ಹತ್ತೇ ದಿನಕ್ಕೆ ಹತ್ತು ಅಧ್ಯಾಯ ಬರೆದರು. ಬದುಕಿನ ಕತೆ ಐಸಿಎಸ್ ಬಿಟ್ಟ 1921ಕ್ಕೇ ನಿಂತಿತು. ಮುಂದಿನದನ್ನು ಬರೆಯಲು ಪುರುಸೊತ್ತು ಸಿಗಲೇ ಇಲ್ಲ. 1938ರ ಜನವರಿಯಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಆಯ್ಕೆಯಾದರು, ನೋಡಿ.

ನಾನು ಮಗಳ ಜೊತೆ ಹೋದದ್ದು ಒಂದು ಸೆಪ್ಟೆಂಬರ್‌ನಲ್ಲಿ. ಊರು ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು. 341 ಮೀಟರ್ ಜಲಪಾತ ಮೂರು ಹಂತವಾಗಿ ಊರ ನಡುವೆಯೇ ಧುಮುಕುತ್ತದೆ. ಸೇತುವೆ ಮೇಲೆ ನಿಂತರೆ ಕನ್ನಡಕ ಒದ್ದೆ. ಎರಡೂ ದಡದಲ್ಲಿ ಹತ್ತು ಮಹಡಿಯ ಹಳೆ ಹೋಟೆಲುಗಳು. ಒಂದು ಬೀದಿಯಿಂದ ಇನ್ನೊಂದಕ್ಕೆ ಮೆಟ್ಟಿಲು, ಮತ್ತೆ ಮೆಟ್ಟಿಲು. ಮಂಡಿನೋವಿನವರ ಊರಿಗೆ ಇಷ್ಟು ಮೆಟ್ಟಿಲು ಯಾಕಪ್ಪಾ ಅನ್ನಿಸಿತು!

ಜಲಪಾತದ ಪಕ್ಕದ ಸ್ಟ್ರೌಬಿಂಗರ್ ಹೋಟೆಲಿನಲ್ಲಿ 1865ರ ಆಗಸ್ಟ್ 14ರಂದು ಪ್ರಷ್ಯಾ ಎಂಬ ಅಂದಿನ ಜರ್ಮನ್ ರಾಜ್ಯ ಮತ್ತು ಆಸ್ಟ್ರಿಯಾ ಒಪ್ಪಂದಕ್ಕೆ ಸಹಿ ಹಾಕಿದವು. ಶ್ಲೆಸ್‌ವಿಗ್, ಹೋಲ್‌ಸ್ಟೈನ್ ಎಂಬ ಎರಡು ಸೀಮೆಗಳ ಆಡಳಿತ ಹಂಚಿಕೊಂಡರು. ಮರುವರ್ಷವೇ ಯುದ್ಧಕ್ಕೆ ನಿಂತರು. ನಾನು ನೋಡಿದಾಗ ಆ ಹೋಟೆಲಿಗೆ ಬೀಗ ಬಿದ್ದಿತ್ತು. 2023ರಲ್ಲಿ ಮತ್ತೆ ತೆರೆದಿದೆ.

ಪ್ರಶ್ನೆ: ಅಲ್ಲಿ ರೋಗಿಗಳನ್ನು ರೈಲಿನಲ್ಲಿ ಬೆಟ್ಟದೊಳಗೆ ಕರೆದೊಯ್ಯುತ್ತಾರಂತೆ, ನಿಜವೇ?
– ಇನ್ನೊಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಜ. ಪಕ್ಕದ ಬೋಕ್‌ಸ್ಟೈನ್‌ನಲ್ಲಿ 1940ರಲ್ಲಿ ಚಿನ್ನ ಹುಡುಕಲು ಸುರಂಗ ಕೊರೆಯಲು ಶುರು ಮಾಡಿದರು. ಅಂದುಕೊಂಡ ಚಿನ್ನ ಸಿಗಲಿಲ್ಲ. ಒಳಗೆ ಕೆಲಸ ಮಾಡಿದವರು ಮಾತ್ರ ಕೀಲುನೋವು ಕಡಿಮೆಯಾಯಿತು ಎಂದರು. 1952ರಿಂದ ಅದೇ ಸುರಂಗ ಚಿಕಿತ್ಸೆಯ ಜಾಗ. ಪುಟ್ಟ ರೈಲು ಸುಮಾರು ಎರಡು ಕಿಲೋಮೀಟರ್ ಒಳಗೆ ಹೋಗುತ್ತದೆ. 37ರಿಂದ 41.5 ಡಿಗ್ರಿ ಸೆಕೆಯಲ್ಲಿ ಮಲಗಿ ಬೆವರಬೇಕು. ಅಲ್ಲಿನ ಗಾಳಿಯಲ್ಲಿ ರೇಡಾನ್ ಇದೆ. ಅದೇ ಔಷಧಿ ಅನ್ನುತ್ತಾರೆ. ಆದರೆ ಇದು ವಿಕಿರಣ ಸೂಸುವ ಅನಿಲ. ಮನೆಯೊಳಗೆ ತುಂಬಿಕೊಂಡರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಹಾಗಾಗಿ ಡಾಕ್ಟರು ಪರೀಕ್ಷೆ ಮಾಡಿಯೇ ಒಳಗೆ ಬಿಡುತ್ತಾರೆ.

ನನಗೆ ಧೈರ್ಯ ಬರಲಿಲ್ಲ. ರೈಲ್ವೆ ಸ್ಟೇಷನ್ ಎದುರಿನ ಬಿಸಿನೀರಿನ ಕೊಳದಲ್ಲಿ ಸಂಜೆಯೆಲ್ಲ ಕೂತೆ. ಎರಡು ದಿನ ಮಂಡಿ ನೋಯಲಿಲ್ಲ. ನೀರಿನ ಗುಣವೋ, ಅಷ್ಟು ಹೊತ್ತು ಮೆಟ್ಟಿಲು ಹತ್ತದೆ ಇದ್ದದ್ದಕ್ಕೋ, ಇವತ್ತಿಗೂ ಮಗಳಿಗೂ ನನಗೂ ವಾದ.